ಗೋಡೆಯಾಚೆಯ ಹಂಡೆ

ಗಾಳಿಕೊಪ್ಪಲು ಎಂಬ ಊರಿನಲ್ಲಿ ಒಂದು ಮನೆ ಎರಡಾಗಿತ್ತು. ಆದರೆ ಆ ಮನೆಯ ಬಚ್ಚಲೊಲೆ ಮಾತ್ರ ಎರಡಾಗಲು ಒಪ್ಪಿರಲಿಲ್ಲ.

ಊರು ಇದ್ದದ್ದು ಬೆಟ್ಟದ ಬುಡದಲ್ಲಿ. ದೀಪಾವಳಿ ಹತ್ತಿರ ಬಂದರೆ ಬೆಟ್ಟದ ಮೇಲಿನ ಗಾಳಿ ಕೆಳಗಿಳಿಯುತ್ತಿತ್ತು. ಅಲ್ಲಿಂದ ಶಿವರಾತ್ರಿಯವರೆಗೆ ಯಾರೂ ಬಚ್ಚಲೊಲೆಯನ್ನು ಪೂರ್ತಿ ಆರಲು ಬಿಡುತ್ತಿರಲಿಲ್ಲ. ಹಾಗಾಗಿ ಆ ಊರಿನಲ್ಲಿ ಚಳಿಗಾಲಕ್ಕೆ ಒಲೆ ಸಜ್ಜು ಮಾಡುವುದೆಂದರೆ ಮದುವೆಮನೆಯಷ್ಟು ಗದ್ದಲ. ಹಳೆಯ ಬೂದಿ ಬಾಚಬೇಕು. ಬಿರುಕಿಗೆ ಮಣ್ಣು ಮೆತ್ತಬೇಕು. ಹೊಗೆಗೂಡಿನ ಮಸಿ ಕೆಡವಬೇಕು. ಒಣ ಸೌದೆ ಒಟ್ಟಬೇಕು. ಹುಣಸೆಹಣ್ಣು ಹಾಕಿ ತಿಕ್ಕಿ ಹಂಡೆಯನ್ನು ಬೆಳಗಬೇಕು. ನೀರು ತುಂಬುವ ಹಬ್ಬದ ದಿನ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಚೆಂಡುಹೂವು ಸುತ್ತಿ, ಸಂಜೆಗೆ ಅಂಚಿನವರೆಗೆ ನೀರು ತುಂಬಬೇಕು. ಮಾರನೆಯ ದಿನ ಬೆಳಗಿನ ಜಾವ ಉರಿ ಹಾಕಿ ಮನೆಮಂದಿಯೆಲ್ಲ ಎಣ್ಣೆಸ್ನಾನ ಮಾಡಬೇಕು. ಆ ಸ್ನಾನ ಆದ ಮೇಲೆಯೇ ಚಳಿಗಾಲ ಊರೊಳಗೆ ಬಂದ ಲೆಕ್ಕ.

ನಾನು ಹೇಳುತ್ತಿರುವ ಮನೆಯಲ್ಲಿ ಇದ್ದ ಹಂಡೆ ಊರಿಗೇ ದೊಡ್ಡದು. ತಾಮ್ರದ್ದು. ಕರುವೊಂದು ಕಾಲು ಮಡಿಸಿಕೊಂಡು ಒಳಗೆ ಮಲಗಬಹುದಿತ್ತು. ಮನೆಯ ಹಿರಿಯಳಾದ ಹೊನ್ನಜ್ಜಿ ಅದನ್ನು ತವರಿನಿಂದ ಗಾಡಿಯಲ್ಲಿ ತಂದು, ತಾನೇ ನಿಂತು ಒಲೆ ಕಟ್ಟಿಸಿ, ಅದರೊಳಗೆ ಹೂತಿದ್ದಳು. ಅವಳಿಗೆ ಇಬ್ಬರು ಗಂಡುಮಕ್ಕಳು, ಬೋರಯ್ಯ ಮತ್ತು ಸಿದ್ದಯ್ಯ. ಬೋರಯ್ಯನ ಹೆಂಡತಿ ದೇವೀರಮ್ಮ. ಸಿದ್ದಯ್ಯನ ಹೆಂಡತಿ ಚೆಲುವಮ್ಮ. ಗಂಡಸರಿಬ್ಬರೂ ಸಾಧುಗಳು. ಹೆಂಗಸರಿಬ್ಬರೂ ಹಟಮಾರಿಗಳು.

ಹೊನ್ನಜ್ಜಿ ಇರುವ ತನಕ ಕೆಲಸ ಹಂಚಿಕೆಯಾಗಿತ್ತು. ದೇವೀರಮ್ಮ ಉರಿ ಹಾಕುವಳು, ಚೆಲುವಮ್ಮ ನೀರು ಹೊರುವಳು. ಅಜ್ಜಿ ತೀರಿಕೊಂಡ ಮೇಲೆ ಒಂದು ಚಳಿಗಾಲದ ಬೆಳಗ್ಗೆ ಮಾತಿಗೆ ಮಾತು ಬೆಳೆಯಿತು.

"ಹೊಗೇಲಿ ಕಣ್ಣು ಕಳ್ಕೊಳ್ಳೋಳು ನಾನು, ಬಿಸಿನೀರು ಸುರ್ಕೊಳ್ಳೋರು ನೀವು" ಎಂದಳು ದೇವೀರಮ್ಮ.

"ಬಾವಿಯಿಂದ ಸೊಂಟ ಮುರ್ಕೊಂಡು ಹೊರೋಳು ನಾನು. ನೀನು ಒಲೆ ಮುಂದೆ ಬೆಚ್ಚಗೆ ಕೂತ್ಕೊಂಡಿರ್ತೀಯ. ಅದೂ ಒಂದು ಕೆಲಸವಾ ಅಕ್ಕ?" ಎಂದಳು ಚೆಲುವಮ್ಮ.

"ಬೆಂಕಿ ಇಲ್ದೆ ನಿನ್ನ ನೀರು ಕಲ್ಲು."

"ನೀರಿಲ್ದೆ ನಿನ್ನ ಬೆಂಕಿ ಬೂದಿ."

ಅಷ್ಟಕ್ಕೇ ಮನೆ ಪಾಲಾಯಿತು. ನಡುವೆ ಹಗ್ಗ ಹಿಡಿದು ಅಳೆದರೆ ಹಗ್ಗ ನೇರವಾಗಿ ಬಚ್ಚಲೊಲೆಯ ಮೇಲೆಯೇ ಹಾದುಹೋಯಿತು. ಗಾರೆ ಕೆಲಸದವನು ತಲೆ ಕೆರೆದುಕೊಂಡ. "ಒಲೆ ಯಾರಿಗಮ್ಮ?" ಎಂದು ಕೇಳಿದ. ನನಗೆ ಬೇಡ ಎಂದು ಇಬ್ಬರೂ ಹೇಳಲಿಲ್ಲ. ಅವಳಿಗೆ ಕೊಡು ಎಂದೂ ಹೇಳಲಿಲ್ಲ. "ಅಳತೆ ಅಂದ್ರೆ ಅಳತೆ, ಗೋಡೆ ಏಳಲಿ" ಎಂದರು. ಅವನು ಹಗ್ಗ ಹಾದ ಜಾಗದಲ್ಲೇ ಸೂರಿನವರೆಗೆ ಗೋಡೆ ಎತ್ತಿಬಿಟ್ಟ.

ಅದರಿಂದ ಆದದ್ದನ್ನು ಕೇಳಿ. ಉರಿ ಹಾಕುವ ಒಲೆಬಾಯಿ ದೇವೀರಮ್ಮನ ಕಡೆಗೆ ಬಂತು. ಸೌದೆ ಕೊಟ್ಟಿಗೆಯೂ ಅವಳ ಕಡೆಗೇ. ನೀರು ತುಂಬುವ ಹಂಡೆ ಚೆಲುವಮ್ಮನ ಕಡೆಗೆ ಹೋಯಿತು. ಬಾವಿಯೂ ಅವಳ ಕಡೆಗೇ. ಗೋಡೆಯ ಕೆಳಗೆ ಒಲೆ ಒಂದೇ. ಬೆಂಕಿ ಹೆಚ್ಚು ಎಂದವಳಿಗೆ ಬೆಂಕಿ ಸಿಕ್ಕಿತು, ನೀರು ಹೆಚ್ಚು ಎಂದವಳಿಗೆ ನೀರು ಸಿಕ್ಕಿತು. ಬಿಸಿನೀರು ಮಾತ್ರ ಇಬ್ಬರಿಗೂ ಸಿಗಲಿಲ್ಲ.

ಅಂದಿನಿಂದ ಒಬ್ಬಳು ಊರ ಬಾವಿಯಿಂದ ನೀರು ತಂದು, ಇನ್ನೊಬ್ಬಳು ಬೆಟ್ಟದಿಂದ ಪುರಲೆ ಆರಿಸಿ ತಂದು, ಇಬ್ಬರೂ ಅಡುಗೆಮನೆಯ ಪಾತ್ರೆಗಳಲ್ಲಿ ಚೂರುಚೂರು ನೀರು ಕಾಯಿಸಿಕೊಂಡು ನಡುಗುತ್ತಾ ಸ್ನಾನ ಮಾಡಿದರು. ಚಳಿಗಾಲದ ಮೇಲೆ ಚಳಿಗಾಲ ಹೀಗೇ ಕಳೆಯಿತು. ಗಂಡಂದಿರು ಹಬ್ಬದ ದಿನವೂ ಮೈ ಒದ್ದೆ ಮಾಡಿಕೊಂಡಂತೆ ಮಾಡಿ ಎದ್ದುಬಿಡುತ್ತಿದ್ದರು.

ಇನ್ನೊಂದು ವಿಷಯವಿದೆ. ಬಳಸದ ಒಲೆಯಾದರೂ ಇಬ್ಬರೂ ಅದನ್ನು ಪಾಳು ಬಿಡಲಿಲ್ಲ. ವರ್ಷವರ್ಷವೂ ದೇವೀರಮ್ಮ ಒಲೆಬಾಯಿ ಸಾರಿಸಿ ರಂಗೋಲಿ ಎಳೆಯುತ್ತಿದ್ದಳು. ಆಮೇಲೆ ಒಳಗೆ ಕೈ ಚಾಚಿ ಹಂಡೆಯ ತಳವನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದಳು. ಠಣ್ ಎನ್ನುತ್ತಿತ್ತು. ಖಾಲಿ. ಖಾಲಿ ಹಂಡೆಗೆ ಉರಿ ಹಾಕುವಂತಿಲ್ಲ, ತಳ ಸುಟ್ಟು ಬೆಸುಗೆ ಬಿಡುತ್ತದೆ. "ತುಂಬಿಸಿದ್ರೆ ತಾನೆ ಹಚ್ಚೋದು" ಎಂದು ಅವಳು ಎದ್ದುಹೋಗುತ್ತಿದ್ದಳು. ಆಚೆ ಚೆಲುವಮ್ಮ ಹಂಡೆ ಬೆಳಗಿ, ಪಟ್ಟೆ ಬಳಿದು, ಬಾಯಿಗೆ ಮುಚ್ಚಳವಿಟ್ಟು, ಮುಚ್ಚಳದ ಮೇಲೆ ಒಂದೇ ಒಂದು ಚೊಂಬು ನೀರಿಟ್ಟು ಶಾಸ್ತ್ರ ಮುಗಿಸುತ್ತಿದ್ದಳು. ಹಂಡೆ ತುಂಬಿಸಿದರೆ ಬೆಂಕಿ ಬೇಡಿದಂತಾಗುತ್ತದೆ ಎಂದು ಅವಳ ಎಣಿಕೆ.

ಇಬ್ಬರೂ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ದೇವೀರಮ್ಮ ತನ್ನ ಎಮ್ಮೆಯೊಡನೆ ಮಾತಾಡುತ್ತಿದ್ದಳು, ಚೆಲುವಮ್ಮ ತನ್ನ ಕೋಳಿಯೊಡನೆ. ಗೋಡೆಯಾಚೆ ಕೇಳುವಷ್ಟು ಗಟ್ಟಿಯಾಗಿ.

ಹೀಗಿರುವಾಗ ದೇವೀರಮ್ಮನ ಒಬ್ಬಳೇ ಮಗಳು ಕಮಲಿಗೆ ಗಂಡನ ಊರಿನಲ್ಲೇ ಹೆರಿಗೆಯಾಯಿತು. ತವರಿಗೆ ಕರೆತರುವ ಮೊದಲೇ, ಅವಧಿಗೆ ಮುಂಚೆ ಹೆಣ್ಣುಮಗು ಹುಟ್ಟಿತು. ದೇವೀರಮ್ಮ ಓಡಿಹೋಗಿ ನೋಡಿಬಂದಳು. ಬಾಣಂತನವಾದರೂ ತವರಿನಲ್ಲೇ ಆಗಬೇಕು ಎಂದು ಅವಳ ಆಸೆ. ಬೀಗಿತ್ತಿ ಮಾಯಮ್ಮ ಒಪ್ಪಲು ಹಿಂದೆ ಮುಂದೆ ನೋಡಿದಳು.

"ನಿಮ್ಮೂರ ಚಳಿ ನಂಗೊತ್ತು ಬೀಗ್ತಿ. ಎಳೇ ಮೈಯಿ. ದಿನಾ ಹಂಡೆಗಟ್ಟಲೆ ಬಿಸಿನೀರು ಹುಯ್ಯಬೇಕು. ನಿಮ್ಮಲ್ಲಿ ಆಯ್ತದಾ?"

ದೇವೀರಮ್ಮನ ಬಾಯಿ ಅವಳಿಗಿಂತ ಮುಂದೆ ಓಡಿತು. "ನಮ್ಮತ್ತೆ ಹಂಡೆ ನೋಡಿದ್ರೆ ನೀವು ಹಿಂಗೆ ಕೇಳ್ತಿರ್ಲಿಲ್ಲ. ಅಂಥ ಹಂಡೆ ನಿಮ್ಮ ಸುತ್ತಮುತ್ತಲಲ್ಲೇ ಇಲ್ಲ."

"ಹಂಗಾದ್ರೆ ಸರಿ. ನೀರು ತುಂಬೋ ಹಬ್ಬದ ಮಾರ್ನೇ ಬೆಳಗ್ಗೆ ನಾನೇ ಕರ್ಕೊಂಡು ಬತ್ತೀನಿ. ಆ ಹಂಡೆ ನೀರಲ್ಲೇ ತಾಯಿ ಮಗಿಗೆ ಮೊದ್ಲ ಎಣ್ಣೆಸ್ನಾನ ಆಗಲಿ. ಹಂಡೇಲಿ ಹಬೆ ಏಳ್ತಿದ್ರೆ ಬಿಟ್ಟು ಬತ್ತೀನಿ. ಇಲ್ದಿದ್ರೆ ಅದೇ ಗಾಡೀಲಿ ವಾಪಸ್ ಕರ್ಕೊಂಡು ಬತ್ತೀನಿ. ಬೇಜಾರು ಮಾಡ್ಕೋಬೇಡಿ."

ದೇವೀರಮ್ಮ ಮನೆಗೆ ಬಂದು ಗಂಡನಿಗೆ ವಿಷಯ ಹೇಳಿದಳು. ಬೋರಯ್ಯ ಎದ್ದು ನಿಂತ.

"ಅದಕ್ಕೇನು, ನಾನು ಹೋಗಿ ತಮ್ಮನ ಹತ್ರ ಒಂದು ಮಾತು ಹೇಳ್ತೀನಿ."

"ಹೋಗಿ. ಹೋದೋರು ಅಲ್ಲೇ ಊಟ ಮಾಡಿ ಅಲ್ಲೇ ಇದ್ಬಿಡಿ."

ಬೋರಯ್ಯ ಕುಳಿತುಕೊಂಡ.

"ಮತ್ತೆ ಹಬ್ಬದ ದಿನ ಏನು ಮಾಡ್ತೀಯ?"

"ನನ್ನ ಪಾಲಿನ ಒಲೆ ನಾನು ಸಜ್ಜು ಮಾಡ್ತೀನಿ. ಬೀಗ್ತಿ ಬಂದು ನೋಡಲಿ. ಬೆಂಕಿ ಕಡೆ ಏನೂ ಕೊರತೆ ಇಲ್ಲ ಅಂತ ಕಣ್ಣಿಗೆ ಕಾಣ್ಬೇಕು. ನೀರಿಲ್ದಿದ್ರೆ ಆ ಅವಮಾನ ಆಚೆಯೋರದ್ದು."

"ಮಗಳು ವಾಪಸ್ ಹೋದ್ರೆ?"

ಅವಳು ಎಮ್ಮೆಗೆ ಹುಲ್ಲು ಹಾಕಲು ಹೋದಳು. ಎಮ್ಮೆಯ ಮುಂದೆ ಹುಲ್ಲು ಆಗಲೇ ಬೇಕಾದಷ್ಟಿತ್ತು.

ಗೋಡೆಯಾಚೆ ಚೆಲುವಮ್ಮ ಒನಕೆ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಕಮಲಿ ಮಗುವಾಗಿದ್ದಾಗ ಈ ಹಂಡೆಯ ನೀರಿನಲ್ಲಿ ಕಾಲಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸಿದವಳು ಅವಳೇ. ಸಿದ್ದಯ್ಯನಿಗೆ ಅದು ಗೊತ್ತಿತ್ತು.

"ಅತ್ತಿಗೆ ಕೇಳಿದ್ರೆ ನೀರು ಕೊಡ್ತೀಯಾ?" ಎಂದ ಅವನು.

"ಕೇಳಲಿ, ನೋಡೋಣ."

"ಅತ್ತಿಗೆ ಕೇಳೋರಲ್ಲ."

"ನಾನೂ ಕೇಳ್ದೆ ಕೊಡೋಳಲ್ಲ."

ನೀರು ತುಂಬುವ ಹಬ್ಬದ ದಿನ ಬಂತು. ದೇವೀರಮ್ಮ ಬೆಳಗಾಗುವ ಮೊದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಲೆಯ ತಳದಲ್ಲಿ ಗಟ್ಟಿಯಾಗಿ ಕೂತಿದ್ದ ಹಳೆಯ ಬೂದಿಯನ್ನು ಕೆರೆದು ಮೊರಗಟ್ಟಲೆ ತೆಗೆದಳು. ಅಲ್ಲಿ ಒಂದು ಕಣಜದ ಗೂಡು, ಕಪ್ಪೆಯೊಂದರ ಸಂಸಾರ, ಯಾವುದೋ ಕಾಲದಲ್ಲಿ ಕಳೆದುಹೋಗಿದ್ದ ಬೋರಯ್ಯನ ಅಡಿಕೆಕತ್ತರಿ ಎಲ್ಲ ಸಿಕ್ಕವು. ಕಪ್ಪೆಗಳನ್ನು ಬಾಳೆಬುಡಕ್ಕೆ ಬಿಟ್ಟುಬಂದಳು. ಹುತ್ತದ ಮಣ್ಣಿಗೆ ಸಗಣಿ, ಹೊಟ್ಟು ಸೇರಿಸಿ ತುಳಿದು, ಒಳಗೆ ತಲೆ ತೂರಿಸಿ ಕೈಗೆಟುಕಿದ ಬಿರುಕುಗಳನ್ನೆಲ್ಲ ಮೆತ್ತಿದಳು. ಕಡೆಗೆ ಒಂದು ಸಣ್ಣ ಎಲೆ ಹಚ್ಚಿ ಹೊಗೆ ಎಳೆಯುತ್ತದೆಯೇ ಎಂದು ನೋಡಿದಳು. ಹೊಗೆ ಮೇಲೆ ಹೋಗಲಿಲ್ಲ, ಅವಳ ಮುಖಕ್ಕೇ ಬಂತು.

"ಹೊಗೆಗೂಡು ಕಟ್ಕೊಂಡಿದೆ. ಹತ್ತಿ ನೋಡಿ" ಎಂದಳು ಗಂಡನಿಗೆ.

ಬೋರಯ್ಯ ಏಣಿ ಹಾಕಿ ಹೆಂಚಿನ ಮೇಲೆ ಹತ್ತಿದ. ಹೊಗೆಗೂಡಿನ ಬಾಯಲ್ಲಿ ಅಳಿಲು ಬಿಟ್ಟುಹೋದ ಹಳೆಯ ಗೂಡು ತುಂಬಿಕೊಂಡಿತ್ತು. ನಾರು, ಹತ್ತಿ, ಯಾರದೋ ರವಿಕೆಯ ತುಂಡು. ಅದನ್ನು ಕಿತ್ತುಹಾಕಿ, ಬಾರೆಗಿಡದ ಮುಳ್ಳಿನ ಕಂತೆಗೆ ಹಗ್ಗ ಬಿಗಿದು ಒಳಗೆ ಇಳಿಬಿಟ್ಟು ಮೇಲೆ ಕೆಳಗೆ ಎಳೆದಾಡಿದ. ಮಸಿಯೆಲ್ಲ ಒಮ್ಮೆಗೇ ಕುಸಿದು ಧುಮ್ ಎಂದು ಬಿತ್ತು.

ಒಲೆ ಒಂದೇ ಅಲ್ಲವೇ. ಅರ್ಧ ಮಸಿ ಈಚೆಯ ಒಲೆಬಾಯಿಂದ ದೇವೀರಮ್ಮನ ಮೇಲೆ ಬಂತು. ಉಳಿದರ್ಧ ಹಂಡೆಯ ಸುತ್ತ ಇದ್ದ ಬಿರುಕಿನಿಂದ ಆಚೆಗೆ ಹಾರಿತು. ಆಚೆ ಚೆಲುವಮ್ಮ ಆಗಷ್ಟೇ ಹಂಡೆ ಬೆಳಗಿ, ಪಟ್ಟೆ ಬಳಿದು, ಹೂವು ಸುತ್ತಿ, ಚಂದ ನೋಡಲು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು. ಮುಚ್ಚಳ ಇನ್ನೂ ಇಟ್ಟಿರಲಿಲ್ಲ. ಹಂಡೆ ಒಳಗೂ ಹೊರಗೂ ಕಪ್ಪಾಯಿತು. ಹೂವು ಕಪ್ಪಾಯಿತು, ಅವಳ ಮುಖವೂ ಕಪ್ಪಾಯಿತು. ಪಕ್ಕದಲ್ಲಿ ಕೆದಕುತ್ತಿದ್ದ ಬಿಳಿ ಕೋಳಿಯೂ ಕಪ್ಪಾಗಿ, ಸೀನಿ, ಅಂಗಳಕ್ಕೆ ಓಡಿತು.

"ಎಲೇ ಕೋಳಿ" ಎಂದಳು ಚೆಲುವಮ್ಮ ಗೋಡೆಯ ಕಡೆ ಮುಖ ಮಾಡಿ. "ಬೆಳಗ್ಗೆ ಬೆಳ್ಳಗಿದ್ದೆ. ಈಗ ನೋಡು, ಕೆಲವರ ಮನಸ್ಸಿನ ಬಣ್ಣ ನಿನ್ನ ಪುಕ್ಕಕ್ಕೂ ಬಂತು."

ಈಚೆ ದೇವೀರಮ್ಮ ರೆಪ್ಪೆಯ ಮಸಿ ಒರೆಸಿಕೊಂಡಳು. ಹಬ್ಬದ ದಿನ ಹೀಗಾಯಿತಲ್ಲ ಎಂದು ಅವಳಿಗೂ ಒಳಗೊಳಗೆ ಅಯ್ಯೋ ಅನ್ನಿಸಿತು. ಆದರೆ ಹಾಗೆ ಹೇಳಲು ಬಾಯಿ ಬರಬೇಕಲ್ಲ.

"ನೋಡೇ ಎಮ್ಮೆ" ಎಂದಳು. "ಮಸಿ ಬಿದ್ರೆ ತೊಳ್ಕೊಂಡ್ರಾಯ್ತು. ನೀರು ಹೊರೋದು ದೊಡ್ಡ ಕೆಲಸ ಅನ್ನೋರು ಆಚೆ ಕಡೆ ಇದ್ದಾರಲ್ಲ. ಹೊರಲಿ, ನಾವೂ ನೋಡೋಣ."

ಚೆಲುವಮ್ಮನ ಕಿವಿ ಕೆಂಪಾಯಿತು. ಕೊಡ ತೆಗೆದುಕೊಂಡು ಬಾವಿಗೆ ನಡೆದಳು. ನೀರು ತಂದು ಹಂಡೆಗೆ ಸುರಿದು ತಿಕ್ಕಿದಳು. ಮಸಿನೀರನ್ನು ಚೊಂಬಿನಲ್ಲಿ ಗೋರಿ ಹಿತ್ತಲಿಗೆ ಚೆಲ್ಲಿದಳು. ಮತ್ತೆ ತಂದಳು, ಮತ್ತೆ ತಿಕ್ಕಿದಳು. ಹಂಡೆ ಕನ್ನಡಿಯಾಯಿತು. ಹೊಸದಾಗಿ ಪಟ್ಟೆ ಬಳಿದು, ಹಂಡೆಯ ಸುತ್ತ ಇದ್ದ ಬಿರುಕಿಗೆ ಮಣ್ಣು ಮೆತ್ತಿ, ಬೇರೆ ಹೂವು ಸುತ್ತಿದಳು. ಆಮೇಲೂ ಅವಳ ಕೊಡ ನಿಲ್ಲಲಿಲ್ಲ. ಬಾವಿಗೆ ಹೋಗುವಳು, ತರುವಳು, ಸುರಿಯುವಳು.

ಸಿದ್ದಯ್ಯ ಜಗಲಿಯ ಮೇಲೆ ಕೂತು ನೋಡಿದ.

"ಹಂಡೆ ತೊಳ್ದಾಯ್ತಲ್ಲ?"

"ಮಸಿ ಗಟ್ಟಿಯಾಗಿದೆ. ನೆನೀಬೇಕು."

"ಅರ್ಧ ಹಂಡೆ ನೀರಾಯ್ತು."

"ಮೇಲ್ಗಡೇನೂ ನೆನೀಬೇಕು."

"ಅಂಚಿನ ತನಕ ಬಂತು ಕಣೆ."

ಚೆಲುವಮ್ಮ ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು. "ನೀರು ಹೊರಲಿ ಅಂದ್ಲಲ್ಲ, ಹೊತ್ತಿದ್ದೀನಿ. ನಾಳೆ ಬೀಗ್ತಿ ಬಂದು ಇಣುಕಿದ್ರೆ ನೀರಿನ ಕಡೆ ತುಂಬಿ ತುಳುಕ್ತಿದೆ ಅಂತ ಕಾಣ್ಬೇಕು. ತಣ್ಣಗಿದ್ರೆ ಆ ಅವಮಾನ ಬೆಂಕಿ ಕಡೆಯೋರದ್ದು."

ಸಿದ್ದಯ್ಯ ನಗು ತಡೆಯಲು ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡ.

ಮಾರನೆಯ ದಿನ ಮೂಡಣದಲ್ಲಿ ಬೆಳಕು ಒಡೆಯುವ ಹೊತ್ತಿಗೆ ದೇವೀರಮ್ಮ ಎದ್ದಳು. ಬೆಟ್ಟದ ಗಾಳಿ ಬಾಗಿಲ ಸಂದಿನಲ್ಲಿ ಸಿಳ್ಳೆ ಹಾಕುತ್ತಿತ್ತು. ಇಂಥ ಚಳಿಯಲ್ಲಿ ಮಗಳು ಎಳೆಗೂಸನ್ನು ಅಪ್ಪಿಕೊಂಡು ಗಾಡಿಯಲ್ಲಿ ಬರುತ್ತಿದ್ದಾಳೆ. ಅಡುಗೆಮನೆಯಲ್ಲಿ ಅವಳು ಇದ್ದಬದ್ದ ಪಾತ್ರೆಗಳನ್ನೆಲ್ಲ ಸಾಲಾಗಿ ಜೋಡಿಸಿದ್ದಳು. ಸಾರಿನ ಪಾತ್ರೆ, ಹಾಲಿನ ಪಾತ್ರೆ, ಪಕ್ಕದ ಮನೆಯಿಂದ ತಂದ ಬೋಗುಣಿ. ಒಂದರಲ್ಲಿ ನೀರು ಕಾಯುವಷ್ಟರಲ್ಲಿ ಇನ್ನೊಂದರದು ಆರುತ್ತದೆ ಎಂದು ಅವಳಿಗೇ ಗೊತ್ತಿತ್ತು. ಬೀಗಿತ್ತಿ ಆ ಸಾಲನ್ನು ನೋಡಿ ಏನೂ ಹೇಳುವುದಿಲ್ಲ, ಸುಮ್ಮನೆ ಗಾಡಿ ತಿರುಗಿಸಲು ಹೇಳುತ್ತಾಳೆ.

ಆದರೂ ಒಲೆಬಾಯಿಗೆ ಬಂದು ರಂಗೋಲಿ ಎಳೆದಳು. ಅಭ್ಯಾಸದಂತೆ ಒಳಗೆ ಕೈ ಚಾಚಿ ಹಂಡೆಯ ತಳ ತಟ್ಟಿದಳು.

ಠಣ್ ಎನ್ನಲಿಲ್ಲ. ದಬ್ ಎಂದಿತು.

ಅವಳು ಕೈ ಹಾಗೇ ಇಟ್ಟಳು. ತಾಮ್ರ ತಣ್ಣಗೆ ಕೊರೆಯುತ್ತಿತ್ತು. ಅಂಗೈಗೆ ಬೆವರಿನ ಹಾಗೆ ತೇವ ತಗುಲಿತು. ಮತ್ತೊಮ್ಮೆ ತಟ್ಟಿದಳು, ಸ್ವಲ್ಪ ಮೇಲೆ. ದಬ್. ಇನ್ನೂ ಮೇಲೆ, ಬೆರಳು ಎಟುಕುವಷ್ಟು ದೂರ. ಅಲ್ಲೂ ದಬ್.

ದೇವೀರಮ್ಮ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ಹೇಳೋಣವೆಂದರೆ ಬೆಂಕಿಯನ್ನೇ ಇನ್ನೂ ಹಚ್ಚಿರಲಿಲ್ಲ. ಆಮೇಲೆ ಅವಳ ಹಟ ಎಚ್ಚರವಾಯಿತು.

"ಓಹೋ. ತುಂಬಿಸಿಬಿಟ್ಟು ನಂಗೆ ಸವಾಲಾ" ಎಂದುಕೊಂಡಳು. "ಅವಳು ಅಂಚಿನ ತನಕ ಹೊತ್ತಿದ್ದಾಳೆ, ನಾನು ಎರಡು ಚಕ್ಕೆ ಇಟ್ಟು ಕೈ ತೊಳ್ಕೊಳ್ಳೋದಾ? ಆ ನೀರು ಕುದೀಬೇಕು."

ಸೌದೆ ಕೊಟ್ಟಿಗೆಯಿಂದ ಹುಣಸೆ ಬೊಡ್ಡೆ ಬಂತು, ಜಾಲಿ ಚಕ್ಕೆ ಬಂತು, ತೆಂಗಿನ ಗರಿ ಬಂತು. ಅವಳು ಗರಿಗೆ ಬೆಂಕಿ ಮುಟ್ಟಿಸಿದಳು. ಹೊಗೆಗೂಡು ಶುದ್ಧವಾಗಿತ್ತಲ್ಲ, ಉರಿ ಭುಸ್ ಎಂದು ಒಳಗೆ ನುಗ್ಗಿ ಹಂಡೆಯ ತಳವನ್ನು ಅಪ್ಪಿತು. ಒಂದು ಸುರುಳಿ ಹೊಗೆಯೂ ಈಚೆಗೆ ಬರಲಿಲ್ಲ. ಸೂರಿನ ಮೇಲೆ ಏಳುತ್ತಿದ್ದ ಹೊಗೆಯನ್ನು ನೋಡಿ ಬೀದಿಯವರೆಲ್ಲ ಬಾಗಿಲಿಗೆ ಬಂದರು. ಹೊನ್ನಜ್ಜಿಯ ಒಲೆ ಉರಿಯುತ್ತಿದೆ ಎಂದು ಒಬ್ಬರಿಗೊಬ್ಬರು ತೋರಿಸಿದರು.

ಆಚೆ ಚೆಲುವಮ್ಮ ಹಂಡೆಯ ಪಕ್ಕದಲ್ಲೇ ಕೂತಿದ್ದಳು. ರಾತ್ರಿ ನಿದ್ದೆ ಸರಿಯಾಗಿ ಮಾಡಿರಲಿಲ್ಲ. ಮೊದಲು ಹಂಡೆ ಜೇನುಗೂಡಿನಂತೆ ಗುಂಯ್ ಎಂದಿತು. ಆಮೇಲೆ ಮುಚ್ಚಳದ ಅಂಚಿನಲ್ಲಿ ಒಂದೆಳೆ ಹಬೆ ಕಾಣಿಸಿಕೊಂಡಿತು. ಅವಳು ಹಂಡೆಗೆ ಕೆನ್ನೆ ತಾಗಿಸಿ ನೋಡಿ ಚುರ್ ಎಂದದ್ದಕ್ಕೆ ಹಿಂದೆ ಸರಿದಳು. ಹುಡುಗಿಯ ಹಾಗೆ ನಕ್ಕಳು. ಮಸಿ ಹತ್ತಿದ ಕೋಳಿ ಬಂದು ಬೆಚ್ಚಗೆ ಒಲೆಯ ಮಗ್ಗುಲಲ್ಲಿ ಕೂತುಕೊಂಡಿತು.

ಅಷ್ಟರಲ್ಲಿ ಗಾಡಿ ಬಂತು. ಮಾಯಮ್ಮ ಮೊದಲು ಇಳಿದು, ಕಂಬಳಿಯಲ್ಲಿ ಸುತ್ತಿದ ಕೂಸನ್ನೂ ಕಮಲಿಯನ್ನೂ ಇಳಿಸಿಕೊಂಡಳು. ಆರತಿಯಾಯಿತು. ಒಳಗೆ ಕಾಲಿಟ್ಟ ಮಾಯಮ್ಮ ಮೊದಲು ಕೇಳಿದ್ದೇ ಹಂಡೆ. ದೇವೀರಮ್ಮ ಬಚ್ಚಲಿಗೆ ಕರೆದೊಯ್ದಳು.

ಮಾಯಮ್ಮ ನೋಡಿದಳು. ಒಲೆಬಾಯಲ್ಲಿ ಕೆಂಡ ಕೆಂಪಗೆ ಉರಿಯುತ್ತಿತ್ತು. ಮೇಲೆ ಬರಿಯ ಗೋಡೆ.

"ಬೆಂಕಿ ಚೆನ್ನಾಗೈತೆ ಬೀಗ್ತಿ. ಹಂಡೆ ಎಲ್ಲಿ?"

"ಆಚೆ ಐತೆ" ಎಂದಳು ದೇವೀರಮ್ಮ ನೆಲ ನೋಡುತ್ತಾ.

ಮಾಯಮ್ಮ ಬಿಡುವವಳಲ್ಲ. ಬೀದಿಗೆ ಹೋಗಿ, ಸುತ್ತಿ ಬಂದು, ಚೆಲುವಮ್ಮನ ಬಾಗಿಲು ತಟ್ಟಿ ಒಳಗೆ ನುಗ್ಗಿದಳು. ಹೂವು ಮುಡಿದ ಹಂಡೆ ಹಬೆಯಾಡುತ್ತಾ ಕೂತಿತ್ತು. ಅದರ ಗಾತ್ರ ನೋಡಿ ಅವಳು ಗಲ್ಲದ ಮೇಲೆ ಕೈ ಇಟ್ಟಳು. ಆಮೇಲೆ ಹಂಡೆಯ ಸುತ್ತ ಬಗ್ಗಿ ನೋಡಿದಳು.

"ಹಂಡೆ ಚೆನ್ನಾಗೈತೆ. ಬೆಂಕಿ ಎಲ್ಲಿ?"

"ಆಚೆ ಐತೆ" ಎಂದಳು ಚೆಲುವಮ್ಮ, ಅವಳೂ ನೆಲ ನೋಡುತ್ತಾ.

ಮಾಯಮ್ಮ ಬೀದಿಯಲ್ಲಿ ಬಂದು ನಿಂತಳು. ನೆರೆದಿದ್ದ ಜನವನ್ನೂ ಗಾಡಿಯನ್ನೂ ನೋಡಿದಳು. "ಇದೆಂಥ ಮನೆ ಕಣ್ರಪ್ಪ. ಒಂದು ಬಾಗ್ಲಲ್ಲಿ ಬೆಂಕಿ, ಇನ್ನೊಂದು ಬಾಗ್ಲಲ್ಲಿ ನೀರು. ನನ್ನ ಸೊಸೇನ ಎಲ್ಲಿ ಕೂರಿಸಲಿ, ಗೋಡೆ ಮೇಲಾ?"

ಬೀದಿಯೆಲ್ಲ ನಕ್ಕಿತು. ಬೋರಯ್ಯ ಸಿದ್ದಯ್ಯ ಕೂಡ ನಕ್ಕು, ಹೆಂಡತಿಯರು ನೋಡಿಯಾರೆಂದು ಬೇರೆ ಕಡೆ ತಿರುಗಿದರು. ಮಾಯಮ್ಮ ಮಾತ್ರ ನಗಲಿಲ್ಲ. ಗಾಡಿಯವನಿಗೆ ಎತ್ತು ಬಿಚ್ಚಬೇಡ ಎಂದು ಕೈಸನ್ನೆ ಮಾಡಿದಳು.

ಅದನ್ನು ದೇವೀರಮ್ಮ ಬಾಗಿಲಿನಿಂದ ಕಂಡಳು. ತಿರುಗಿ ಬಚ್ಚಲಿಗೆ ಹೋದಳು. ಒಲೆಯ ಮುಂದೆ ಕೂತು, ಗೋಡೆಯ ಕಡೆ ಮುಖ ಮಾಡಿದಳು. ಎಮ್ಮೆಯನ್ನು ಕರೆಯಲಿಲ್ಲ.

"ಚೆಲುವಿ" ಎಂದಳು. "ನೀರು ಕಾದಿದೆಯಾ?"

ಆಚೆ ಮುಚ್ಚಳ ಸರಿದ ಸದ್ದಾಯಿತು.

"ಉರಿ ಹಾಕಿದೋಳು ನೀನು. ನಿಂಗೊತ್ತಿಲ್ವಾ ಅಕ್ಕ?"

"ಬೆಂಕಿಯಿಂದ ಹದ ತಿಳಿಯಲ್ಲ. ಕೈ ಹಾಕಿ ನೋಡು."

"ನೋಡಿದೆ. ಬಾಣಂತಿಗೆ ಸರಿಯಾಗಿದೆ. ಕೂಸಿಗೆ ತಣ್ಣೀರು ಬೆರೆಸ್ಬೇಕು" ಎಂದಳು ಚೆಲುವಮ್ಮ. "ಬೆರೆಸಿಟ್ಟಿದ್ದೀನಿ. ಮಣೆ ಹಾಕಿದ್ದೀನಿ. ಇನ್ನೂ ಅಲ್ಲೇ ಕೂತ್ಕೊಂಡು ಏನು ಮಾಡ್ತಿದ್ದೀಯ, ಕರ್ಕೊಂಡು ಬಾ."

ದೇವೀರಮ್ಮ ಕೂಸನ್ನು ಎತ್ತಿಕೊಂಡು, ಮಗಳ ಕೈ ಹಿಡಿದು, ಬೀದಿಯಲ್ಲಿ ಎಲ್ಲರ ಎದುರಿಗೆ ನಡೆದು ಆಚೆ ಬಾಗಿಲಿಗೆ ಹೋದಳು. ಗೋಡೆ ಎದ್ದ ಮೇಲೆ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಚೆಲುವಮ್ಮ ಎರಡು ಕೈಯನ್ನೂ ಚಾಚಿ ನಿಂತಿದ್ದಳು. ದೇವೀರಮ್ಮ ಕೂಸನ್ನು ಆ ಕೈಗಳಲ್ಲಿಟ್ಟು, "ಮುಖದ ಮೇಲೆ ಮಸಿ ಹಾಗೇ ಇದೆಯಲ್ಲೇ" ಎಂದಳು.

"ನಿನ್ನ ಮುಖ ನೋಡ್ಕೊಂಡ್ಯಾ?" ಎಂದಳು ಚೆಲುವಮ್ಮ.

ಚೆಲುವಮ್ಮ ಕಾಲು ಚಾಚಿ ಕೂತು ಕೂಸನ್ನು ಕಾಲಮೇಲೆ ಮಲಗಿಸಿಕೊಂಡಳು. ದೇವೀರಮ್ಮ ನೀರು ಹುಯ್ದಳು. ಕೂಸು ಮೊದಲ ಚೊಂಬಿಗೆ ಊರು ಕೇಳುವ ಹಾಗೆ ಅತ್ತು, ಎರಡನೆಯ ಚೊಂಬಿಗೆ ಸುಮ್ಮನಾಗಿ, ಆಮೇಲೆ ಕಣ್ಣು ಮುಚ್ಚಿ ಆಕಳಿಸಿತು. ಅದರ ಬೆನ್ನಿಗೇ ಕಮಲಿಗೆ ನೀರು. ಹಬೆಯಲ್ಲಿ ಯಾರ ಮುಖ ಯಾರದು ಎಂದು ಕಾಣದಷ್ಟು ನೀರು. "ಸಾಕು ಚಿಕ್ಕವ್ವ, ಬೆಂದೋದೆ" ಎಂದು ಕಮಲಿ ಕೂಗಿದರೂ ಚೆಲುವಮ್ಮ ಬಿಡಲಿಲ್ಲ. ಮಾಯಮ್ಮ ಬಾಗಿಲಲ್ಲಿ ನಿಂತು ನೋಡಿ, ಹೊರಗೆ ಬಂದು ಗಾಡಿಯವನಿಗೆ ಹೇಳಿದಳು: "ಎತ್ತು ಬಿಚ್ಚಪ್ಪ. ನಾನೂ ಒಂದು ಸ್ನಾನ ಮಾಡಿಯೇ ಹೋಗ್ತೀನಿ."

ಅಂದು ಆ ಹಂಡೆಯ ನೀರಲ್ಲಿ ಬೋರಯ್ಯನಿಗೆ ಸ್ನಾನವಾಯಿತು, ಸಿದ್ದಯ್ಯನಿಗಾಯಿತು, ಗಾಡಿಯವನಿಗೂ ಆಯಿತು. ಕಡೆಗೆ ಉಳಿದ ನೀರಲ್ಲಿ ಕೋಳಿ ಮತ್ತೆ ಬಿಳಿಯಾಯಿತು.

ಆದರೆ ಅವರಿಬ್ಬರೂ ಹಟ ಬಿಟ್ಟರೆಂದು ತಿಳಿಯಬೇಡಿ. ಮಾರನೆಯ ದಿನ ದೇವೀರಮ್ಮ ಏಳುವ ಮೊದಲೇ ಹಂಡೆ ತುಂಬಿರಬೇಕೆಂದು ಚೆಲುವಮ್ಮ ಬೇಗ ಎದ್ದಳು. ಹಂಡೆ ತುಂಬುವ ಮೊದಲೇ ಸೌದೆ ಜೋಡಿಸಿರಬೇಕೆಂದು ದೇವೀರಮ್ಮ ಇನ್ನೂ ಬೇಗ ಎದ್ದಳು. ಬಿಸಿನೀರಿನ ಬಿಂದಿಗೆ ಹೊತ್ತು ದಿನಾ ಬೀದಿ ಸುತ್ತುವುದು ಕಷ್ಟವೆಂದು ಬೋರಯ್ಯನೂ ಸಿದ್ದಯ್ಯನೂ ಗೋಡೆಯಲ್ಲಿ ಒಂದು ಬಿಂದಿಗೆ ಹಿಡಿಸುವಷ್ಟು ಕಂಡಿ ಮಾಡಿದರು. ಕೆಲವು ದಿನಕ್ಕೆ ಕೂಸು ಹಿಡಿಸಬೇಕೆಂದು ಅದನ್ನು ದೊಡ್ಡದು ಮಾಡಿದರು. ಸಂಕ್ರಾಂತಿಯ ಹೊತ್ತಿಗೆ ಬಗ್ಗಿ ಹೋದರೆ ಮನುಷ್ಯರೇ ಹಿಡಿಸುತ್ತಿದ್ದರು. ದಿನಾ ಯಾಕೆ ಬಗ್ಗಬೇಕೆಂದು ಶಿವರಾತ್ರಿಗೆ ಅಲ್ಲೊಂದು ಬಾಗಿಲಾಯಿತು. ಬಾಗಿಲಿಗೆ ಕದ ಇಡಿಸುವುದು ಯಾರಿಗೂ ನೆನಪಾಗಲಿಲ್ಲ.

ಆ ಕೂಸಿಗೆ ಮುತ್ತಜ್ಜಿಯ ಹೆಸರಿಟ್ಟರು, ಹೊನ್ನಿ ಎಂದು. ಹೊನ್ನಿ ಬೆಳೆದು ಮಾತು ಕಲಿತ ಮೇಲೆ ಒಂದು ದೀಪಾವಳಿಗೆ ಅಜ್ಜಿಯ ಊರಿಗೆ ಬಂದಳು. ಒಬ್ಬ ಅಜ್ಜಿ ಒಲೆಯ ಮುಂದೆ ಕೂತಿದ್ದಳು, ಇನ್ನೊಬ್ಬಳು ಹಂಡೆಯ ಪಕ್ಕ ನಿಂತಿದ್ದಳು. ಹೊನ್ನಿ ನಡುವಿನ ಬಾಗಿಲಲ್ಲಿ ನಿಂತು ಕೇಳಿದಳು:

"ಅಜ್ಜೀ, ಬೆಂಕಿ ದೊಡ್ಡದಾ, ನೀರು ದೊಡ್ಡದಾ?"

"ಬೆಂಕಿ" ಎಂದಳು ದೇವೀರಮ್ಮ.

"ನೀರು" ಎಂದಳು ಚೆಲುವಮ್ಮ.

ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಸೇರಿ ಮಗುವನ್ನು ಗದರಿದರು.

"ಎಣ್ಣೆ ಹಚ್ಚಿಸ್ಕೊಂಡು ಬಾ ಮೊದ್ಲು. ನೀರು ಆರಿಹೋಗ್ತದೆ."

ನೀತಿ: ಹಟ ಇದ್ದವರು ಹಟ ಬಿಡಬೇಕಾಗಿಲ್ಲ. ಅದನ್ನು ಎದುರಿನವರ ಮೇಲೆ ಹೂಡಬೇಡಿ, ನಿಮ್ಮ ಪಾಲಿನ ಕೆಲಸದ ಮೇಲೆ ಹೂಡಿ. ಕೇಳುವ ಮೊದಲೇ ತಮ್ಮ ಪಾಲನ್ನು ಅಂಚಿನವರೆಗೆ ತುಂಬಿಸಿದವರು ಸಣ್ಣವರಾಗುವುದಿಲ್ಲ. ಆದರೆ ಕಡೆಗೆ ಒಬ್ಬರು ಬಾಯಿ ಬಿಟ್ಟು ಹೆಸರು ಹಿಡಿದು ಕರೆಯಲೇಬೇಕು. ಕರೆಯದೆ ಕಾದ ನೀರು ಯಾರ ಮೈಗೂ ಬೀಳುವುದಿಲ್ಲ.